ಹತ್ತು ಹೆಜ್ಜೆಗೆ ಒಂದು ಸ್ಕೋಪು

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹಿಟ್ಟಿನ ಮಿಲ್ಲಿನ ಗೇಟಿಗೆ ಬಂದು ನಿಂತ ಅಣ್ಣ ತಂಗಿಗೆ ಮಿಲ್ಲೇ ಕಾಣುತ್ತಿರಲಿಲ್ಲ. ಕಾವಲಿನವನು ಕೈಯಲ್ಲಿ ಟೀ ಲೋಟ ಹಿಡಿದು, "ಒಳಗೆ ಹೋಗಿ ಅಣ್ಣಾ, ಕಟ್ಟಡ ಇನ್ನೂ ಅಲ್ಲೇ ಇದೆ, ಯಾರೂ ಕದ್ದಿಲ್ಲ" ಎಂದ. ಅಣ್ಣ ನಕ್ಕ. ತಂಗಿ ನಗಲಿಲ್ಲ. ಮಂಜು ಬಿದ್ದ ದಿನ ಪಾರಿವಾಳಗಳು ಹೊರಗೆ ಹಾರುವುದಿಲ್ಲ, ತಗಡಿನ ಚಾವಣಿಯ ಕೆಳಗೆ ತೊಲೆಗಳ ಮೇಲೆ ಸಾಲಾಗಿ ಕೂತಿರುತ್ತವೆ. ಹಿಂದೆಲ್ಲ ಇಂಥ ದಿನ ಅವರಿಬ್ಬರ ಪಾಲಿಗೆ ಒಳ್ಳೆಯ ದಿನ. ಈಗ ಒಂದು ವರ್ಷದಿಂದ ಇಂಥ ದಿನವೆಂದರೇ ಅವಳಿಗೆ ಹೆದರಿಕೆ.

ಅವರ ಕೆಲಸ ಇಷ್ಟು. ಮಿಲ್ಲಿನ ಯಂತ್ರ ಶುರುವಾಗುವ ಮುಂಚಿನ ಒಂದು ಗಂಟೆಯಲ್ಲಿ, ಮೂಟೆಗಳ ಮೇಲೆ ಹಿಕ್ಕೆ ಹಾಕುವ ಪಾರಿವಾಳಗಳನ್ನು ಹೊಡೆಯುವುದು. ಆಹಾರದ ಜಾಗ, ವಿಷ ಇಡುವ ಹಾಗಿಲ್ಲ. ದೊಡ್ಡ ಕೋವಿ ತಂದರೆ ಚಾವಣಿಯ ತಗಡು ತೂತಾಗುತ್ತದೆ. ಅದಕ್ಕೇ ಗಿಡ್ಡ ಏರ್‌ಗನ್ನು. ತೊಲೆಗಳ ಪಕ್ಕದಲ್ಲಿ ಹಾಯುವ ಕಬ್ಬಿಣದ ಕಿರುದಾರಿಯಲ್ಲಿ ಉದ್ದ ನಳಿಗೆಯ ಕೋವಿ ತಿರುಗಿಸಿದರೆ ಅಡ್ಡ ಸಿಕ್ಕಿಕೊಳ್ಳುತ್ತದೆ, ಇದು ಕಂಕುಳಲ್ಲಿ ಕೂರುವಂಥದ್ದು. ಹೊಡೆಯುವವನು ಅಣ್ಣ. ಎಲ್ಲಿದೆ ಎಂದು ಹೇಳುವವಳು, ಬಿದ್ದದ್ದನ್ನು ಎತ್ತಿ ಗೋಣಿಚೀಲಕ್ಕೆ ಹಾಕುವವಳು ತಂಗಿ. ಅವರ ಅಪ್ಪನೂ ಇದೇ ಮಿಲ್ಲಿನಲ್ಲಿ ಇದನ್ನೇ ಮಾಡಿಕೊಂಡು ಬಂದವನು.

"ಎಲ್ಲಿ ಮರಿ?" ಎಂದ ಅಣ್ಣ, ಪಿಸುದನಿಯಲ್ಲಿ. ಅವಳಿಗೆ ಐವತ್ತು ದಾಟಿತ್ತು. ಅವನಿಗೆ ಅವಳು ಇಂದಿಗೂ ಮರಿಯೇ.

"ಮೂರನೇ ತೊಲೆ. ಗೋಡೆಯಿಂದ ಎರಡು ಮೊಳ. ಮೈ ಉಬ್ಬಿಸ್ಕೊಂಡು ಕೂತಿದೆ."

ಅವನು ಎಡಗಣ್ಣು ಮುಚ್ಚಿ ಹಿಡಿ ಕೆನ್ನೆಗಿಟ್ಟ. ಉಸಿರು ನಿಲ್ಲಿಸಿದ. ಚಟ್ ಎಂದಿತು. ಪಾರಿವಾಳ ತಲೆ ತಿರುಗಿಸಿ, ತನಗೆ ಸಂಬಂಧಿಸದ ಜಗಳ ಕೇಳಿಸಿಕೊಂಡವರ ಹಾಗೆ ನೋಡಿ, ಪಕ್ಕದ ತೊಲೆಗೆ ಜಿಗಿಯಿತು.

"ಬಿತ್ತಾ?"

"ಬಿತ್ತು ಅಣ್ಣ."

ಹೇಳಿದ ಮೇಲೆ ಮಾಡಲೇಬೇಕಾದ ಕೆಲಸವಿತ್ತು. ಅವಳು ಮೂಟೆಗಳ ಹಿಂದೆ ಹೋಗಿ, ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಹಳೇ ಬಟ್ಟೆಯ ಉಂಡೆಯೊಂದನ್ನು ಚೀಲಕ್ಕೆ ಹಾಕಿದಳು. ಹಗುರಾಗದಿರಲೆಂದು ನೆಲ ಗುಡಿಸಿದ ತೌಡು ಅದರೊಳಗೆ ಕಟ್ಟಿತ್ತು. ಚೀಲ ತಂದು ಅವನ ಮುಂದಿಟ್ಟಳು. ಅಣ್ಣ ಬಗ್ಗಿ ಚೀಲದ ಮೇಲೆ ಅಂಗೈ ಇಟ್ಟ. ಅಪ್ಪ ಕಲಿಸಿದ ಮಾತನ್ನು ತುಟಿಯಲ್ಲೇ ಹೇಳಿದ. "ತಪ್ಪು ನನ್ನದು. ಹೋಗಿ ಬಾ."

ಅವನು ಹಾಗೆ ಕಣ್ಣು ಮುಚ್ಚಿ ಚಿಂದಿಯ ಕ್ಷಮೆ ಕೇಳುವಾಗೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು.

ಇದು ಶುರುವಾದದ್ದು ಹೀಗೆ. ಹೋದ ವರ್ಷ ಏರ್‌ಗನ್ನು ಕಿರುದಾರಿಯಿಂದ ಕೆಳಗೆ ಬಿತ್ತು. ಗುರಿ ಹಿಡಿಯುವ ಮುಂದಿನ ಮುಳ್ಳು ಬಾಗಿತು. ನೆಟ್ಟಗೆ ಮಾಡಿಸಿದರು, ಆದರೂ ಗುರಿ ಕೂಡಿ ಬರಲಿಲ್ಲ. ಮೊದಲ ವಾರ ನಾಲ್ಕು ಸಲ ತಪ್ಪಿದಾಗ ಅಣ್ಣ ರಾತ್ರಿ ಊಟ ಬಿಟ್ಟ. ಐದನೆಯ ಸಲ "ಬಿತ್ತಾ?" ಎಂದಾಗ ಅವಳ ಬಾಯಿಂದ "ಬಿತ್ತು" ಎಂಬ ಮಾತು ತಾನಾಗಿಯೇ ಬಂತು. ಅವನು ಅಂದು ಹೊಟ್ಟೆ ತುಂಬ ಉಂಡ. ಗುರಿ ಕೂಡುವ ತನಕ, ನಾಲ್ಕು ದಿನದ ಮಾತು, ಎಂದುಕೊಂಡಳು. ನಾಲ್ಕು ದಿನ ಒಂದು ವರ್ಷವಾಯಿತು.

ಅಣ್ಣನಿಗೆ ಅವಳು ಸುಳ್ಳು ಹೇಳಲು ಅವಳದೇ ಆದ ಇನ್ನೊಂದು ಕಾರಣವಿತ್ತು. ಗಂಡ ತೀರಿಕೊಂಡು ಅವಳು ತವರಿಗೆ ಬಂದ ವರ್ಷ, ಆರು ತಿಂಗಳು ಅವಳ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಸುಸ್ತಾದರು. ಅಣ್ಣ ಸಮಾಧಾನ ಹೇಳಲಿಲ್ಲ. ಒಂದು ಬೆಳಿಗ್ಗೆ ಮಿಲ್ಲಿಗೆ ಕರೆದುಕೊಂಡು ಹೋಗಿ, "ನನಗೆ ಒಬ್ಬನಿಗೇ ಆಗಲ್ಲ. ಎಲ್ಲಿದೆ ಅಂತ ಹೇಳು ಸಾಕು" ಎಂದ. ತಿಂಗಳೊಪ್ಪತ್ತು ಬೆರಳು ತೋರಿಸಿದಳು. ಆಮೇಲೊಂದು ದಿನ "ಎಡಕ್ಕೆ" ಎಂದಳು. ಅವಳ ದನಿ ಅವಳಿಗೆ ವಾಪಸು ಸಿಕ್ಕಿದ್ದು ಆ ತೊಲೆಗಳ ಕೆಳಗೆ. ಆ ದನಿಯಲ್ಲೇ ಈಗ ಸುಳ್ಳು ಹೇಳುತ್ತಿದ್ದಳು.

ಆ ಬೆಳಿಗ್ಗೆ ಮೇಸ್ತ್ರಿ ಬೇಗ ಬಂದ. ಮೈಮೇಲೆಲ್ಲ ಹಿಟ್ಟು ಮೆತ್ತಿಕೊಂಡೇ ಹುಟ್ಟಿದವನ ಹಾಗಿರುವ ಮನುಷ್ಯ. ಮೇಲೆ ನೋಡಿ ಬೆರಳು ಮಡಚಿ ಎಣಿಸಿದ. ಬೆರಳು ಸಾಲದೆ ಬಿಟ್ಟ.

"ನೀವು ದಿನಾ ಐದಾರು ಹೊಡೀತೀರಿ, ಅವು ದಿನಾ ಹತ್ತು ಹೆಚ್ಚಾಗ್ತವೆ. ಸತ್ತವು ನೆಂಟರನ್ನ ಕಳಿಸ್ತಿದ್ದಾವಾ ಹೇಗೆ?" ಎಂದ. ಅಣ್ಣ ತಲೆ ಬಗ್ಗಿಸಿದ್ದನ್ನು ನೋಡಿ ದನಿ ಇಳಿಸಿದ. "ನಿಮ್ಮಪ್ಪನ ಕಾಲದಿಂದ ಇದ್ದೀರಿ, ನನಗೆ ಮನಸ್ಸಿಲ್ಲ. ಆದ್ರೆ ಯಜಮಾನ್ರು ಬಲೆ ಕಟ್ಟೋರನ್ನ ಕರೆಸಿದ್ದಾರೆ. ಸೋಮವಾರ ಅಳತೆ ತಗೊಳ್ಳೋಕೆ ಬರ್ತಾರೆ. ಅಷ್ಟರೊಳಗೆ ಒಂದಿಪ್ಪತ್ತಾದ್ರೂ ಕಮ್ಮಿಯಾದ್ರೆ ನಾನು ಮಾತಾಡ್ತೀನಿ."

ಬಲೆ ಕಟ್ಟಿದರೆ ಪಾರಿವಾಳವೂ ಇಲ್ಲ, ಅವರಿಬ್ಬರ ಕೆಲಸವೂ ಇಲ್ಲ.

"ಮುಳ್ಳಿಂದ ಆಗ್ತಿಲ್ಲ ಮೇಸ್ತ್ರಿ. ಸ್ಕೋಪ್ ಹಾಕಿಸ್ತೀನಿ. ಇವತ್ತೇ" ಎಂದ ಅಣ್ಣ.

ತಂಗಿಯ ಎದೆಯಿಂದ ಒಂದು ಮೂಟೆ ಇಳಿದಂತಾಯಿತು. ಸ್ಕೋಪು ಬಂದರೆ ಗುರಿ ಕೂಡುತ್ತದೆ. ಗುರಿ ಕೂಡಿದ ದಿನದಿಂದ ಅವಳು "ಬಿತ್ತು" ಎಂದದ್ದೆಲ್ಲ ನಿಜವೇ ಆಗುತ್ತದೆ. ಹಿಂದಿನದನ್ನು ಯಾರೂ ಕೆದಕುವುದಿಲ್ಲ. ದೇವರೇ, ಇದೊಂದು ಮಾಡಿಕೊಡು, ಮತ್ತೆ ಏನೂ ಕೇಳಲ್ಲ ಎಂದುಕೊಂಡಳು. ಇಂಥ ಮಾತನ್ನು ಅವಳು ದೇವರಿಗೆ ಎಷ್ಟೋ ಸಲ ಕೊಟ್ಟಿದ್ದಳು. ದೇವರು ಒಮ್ಮೆಯೂ ನೆನಪಿಸಿರಲಿಲ್ಲ.

ಗಾಜಿನಂಗಡಿ ಎರಡು ಬೀದಿಯಾಚೆ, ಹೊಲಿಗೆ ಯಂತ್ರ ರಿಪೇರಿಯವನ ಪಕ್ಕದಲ್ಲಿತ್ತು. ಕನ್ನಡಕದ ಫ್ರೇಮು, ದುರ್ಬೀನು, ಭೂತಗನ್ನಡಿ, ನಿಂತುಹೋದ ಏಳೆಂಟು ಗಡಿಯಾರ. ಅಂಗಡಿ ಉದ್ದಕ್ಕೆ ಓಣಿಯ ಹಾಗೆ ಹಿಂದಕ್ಕೆ ಹೋಗಿತ್ತು. ಅಂಗಡಿಯವನು ಬೋಳುತಲೆಯ ಮೇಲೆ ಕನ್ನಡಕ ಏರಿಸಿಕೊಂಡು ಕನ್ನಡಕ ಹುಡುಕುತ್ತಿದ್ದ. ತಂಗಿ ಬೆರಳು ತೋರಿಸಿದಳು.

"ಅಯ್ಯೋ, ದಿನಾ ಇದೇ ಕತೆ ಅಕ್ಕಾ. ಕಣ್ಣಿಗೆ ಬೇಕಾದ್ದು ಕಣ್ಣಿಗೇ ಕಾಣಲ್ಲ" ಎಂದು ಏರ್‌ಗನ್ನನ್ನು ಎತ್ತಿಕೊಂಡು, ಮಡಚಿ, ಒಳಗಿನ ಸ್ಪ್ರಿಂಗಿನ ದನಿ ಕೇಳಿದ. "ಗಟ್ಟಿಮುಟ್ಟಾಗಿದೆ. ಯಾವುದಕ್ಕೆ?"

"ಮಿಲ್ಲಲ್ಲಿ. ಪಾರಿವಾಳ. ಹತ್ತು ಹೆಜ್ಜೆ, ಹೆಚ್ಚಂದ್ರೆ ಹದಿನೈದು" ಎಂದ ಅಣ್ಣ. "ಜಾಸ್ತಿ ಬೆಲೆದು ಬೇಡ."

"ಜಾಸ್ತಿ ಬೆಲೆದು ನನ್ನ ಹತ್ರವೂ ಇಲ್ಲ." ಅವನು ಮೂರು ಡಬ್ಬಿ ಇಳಿಸಿದ. ಮೊದಲಿನದು ಮೊಳದುದ್ದ, ಕರ್ರಗೆ ಹೊಳೆಯುತ್ತಿತ್ತು. ಅಣ್ಣನ ಕೈ ಅದರ ಕಡೆಗೇ ಹೋಯಿತು.

"ಎಲ್ಲರೂ ಮೊದಲು ಇದನ್ನೇ ಮುಟ್ಟೋದು. ಒಂಬತ್ತು ಪಟ್ಟು ದೊಡ್ಡದಾಗಿ ಕಾಣಿಸತ್ತೆ. ಚಂದ್ರನ ಮೇಲೆ ಇರುವೆ ಹರಿದ್ರೂ ತೋರಿಸತ್ತೆ. ಹತ್ತು ಹೆಜ್ಜೆಲಿರೋ ಪಾರಿವಾಳ ಮಾತ್ರ ಬರೀ ಮಸುಕು. ದೂರದ್ದಕ್ಕೆ ಮಾಡಿದ್ದು ಇದು. ಮೇಲಾಗಿ ನಿಮ್ಮದು ಸ್ಪ್ರಿಂಗಿನ ಗನ್ನು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯತ್ತೆ. ಆ ಎರಡು ಒದೆತ ತಿಂದ್ರೆ ತಿಂಗಳೊಳಗೆ ಒಳಗಿನ ಗಾಜು ಅಲುಗಾಡತ್ತೆ."

ಎರಡನೆಯದು ಬೆರಳುದ್ದ, ಮಕ್ಕಳಾಟಿಕೆಯಂತಿತ್ತು. "ಇದು ಅಗ್ಗ. ಇದರಲ್ಲಿ ನೋಡೋದೂ ಒಂದೇ, ಬಾಗಿಲ ಕೀಲಿಕಿಂಡಿಲಿ ಇಣುಕೋದೂ ಒಂದೇ. ಮೂಲೆಯ ಕತ್ತಲಲ್ಲಿ ಏನೂ ಕಾಣಲ್ಲ." ಮೂರನೆಯದನ್ನು ಅವನು ಬಟ್ಟೆಯಿಂದ ಬಿಡಿಸಿದ. ಗೇಣುದ್ದ, ಹೊಳಪಿಲ್ಲದ್ದು. "ಇದು ನಿಮ್ಮದು. ನಾಲ್ಕೇ ಪಟ್ಟು. ಆದ್ರೆ ಮೂತಿಯ ಈ ಬಳೆ ತಿರುಗಿಸಿದ್ರೆ ಹತ್ತು ಹೆಜ್ಜೆಗೂ ಚೊಕ್ಕ ನಿಲ್ಲತ್ತೆ. ಒದೆತಕ್ಕೂ ಬಗ್ಗಲ್ಲ. ಗಿಡ್ಡ ಗನ್ನಿಗೆ ಗಿಡ್ಡ ಸ್ಕೋಪು. ಗುಂಡು ತುಂಬೋವಾಗ ಕೈಗೆ ಅಡ್ಡ ಬರಲ್ಲ."

"ಮೂರೂ ನೋಡ್ತೀನಿ" ಎಂದ ಅಣ್ಣ. ಕೊಳ್ಳುವವನ ಹಕ್ಕು ಅದು. ಅಂಗಡಿಯವನಿಗೂ ಬೇಸರವಾಗಲಿಲ್ಲ. ಹಿಂಬಾಗಿಲಿಗೆ ಬಿಳಿ ಕಾಗದ ಅಂಟಿಸಿ, ಮಧ್ಯದಲ್ಲಿ ಅಂಗಿ ಗುಂಡಿಯಷ್ಟು ಕಪ್ಪು ಬೊಟ್ಟು ಹಚ್ಚಿ ಬಂದ. ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಏರ್‌ಗನ್ನು ಒರಗಿಸಿದ. ಅಲ್ಲಿಂದ ಬಾಗಿಲಿಗೆ ಸರಿಯಾಗಿ ಹತ್ತು ಹೆಜ್ಜೆ.

ಅಣ್ಣ ಉದ್ದನೆಯದರಲ್ಲಿ ಬಲಗಣ್ಣಿಟ್ಟ. ಬಹಳ ಹೊತ್ತು ನೋಡಿ, "ಹೌದು, ನೀವು ಹೇಳಿದ ಹಾಗೇ. ಮಧ್ಯದಲ್ಲಿ ಹಬೆ ಕಟ್ಟಿದೆ" ಎಂದ.

ಸಣ್ಣದರಲ್ಲಿ ನೋಡಿ, "ಇದರಲ್ಲೂ ಹಬೆ. ಹೊರಗಿನ ಮಂಜು ಒಳಗೆ ಹೊಕ್ಕಿದೆ ನೋಡಿ" ಎಂದ.

ಅಂಗಡಿಯವನು ಮೂರನೆಯದನ್ನು ಕೂಡಿಸಿ, ತಾನೇ ಬಗ್ಗಿ ನೋಡಿ, ಬಳೆ ತಿರುಗಿಸಿ, ಮತ್ತೆ ನೋಡಿ, ಪಕ್ಕಕ್ಕೆ ಸರಿದ. "ಈಗ ನೋಡಿ."

ಅಣ್ಣ ನೋಡಿದ. "ಬಾಗಿಲಿನ ಚಿಲಕ ಚೆನ್ನಾಗಿ ಕಾಣತ್ತೆ. ಕಾಗದದ ನಾಲ್ಕು ಮೂಲೆನೂ ಕಾಣತ್ತೆ." ಕಣ್ಣು ಒರೆಸಿಕೊಂಡು ಮತ್ತೆ ನೋಡಿ ಕೇಳಿದ. "ಬೊಟ್ಟು ಹಚ್ಚೋದು ಮರೆತ್ರಾ?"

ಪಕ್ಕದಂಗಡಿಯಲ್ಲಿ ಹೊಲಿಗೆ ಯಂತ್ರವೊಂದು ಓಡಿ ನಿಂತಿತು. ತಂಗಿ ಹಿಂಬಾಗಿಲನ್ನೇ ನೋಡುತ್ತಿದ್ದಳು. ಅಲ್ಲಿಂದ, ಯಾವ ಗಾಜೂ ಇಲ್ಲದೆ, ಅವಳಿಗೆ ಬೊಟ್ಟು ಕಾಣುತ್ತಿತ್ತು.

"ಎಡಗಣ್ಣಲ್ಲಿ ನೋಡಿ ಅಣ್ಣ" ಎಂದ ಅಂಗಡಿಯವನು ಮೆಲ್ಲಗೆ.

ಅವನು ಕಣ್ಣು ಬದಲಿಸಿದ. "ಹಾ, ಇದೆ ಬೊಟ್ಟು. ಆದ್ರೆ ಒಳಗಿನ ತಂತಿ ಬಗ್ಗಿದೆಯಲ್ಲ. ಅಡ್ಡಗೆರೆ ನೆಟ್ಟಗಿಲ್ಲ, ನೀರಲ್ಲಿ ಬಿದ್ದ ನೆರಳಿನ ಹಾಗೆ ಡೊಂಕು."

"ಗೆರೆ ನೆಟ್ಟಗಿದೆ."

ಅಣ್ಣ ತಲೆಯೆತ್ತಲಿಲ್ಲ. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು. ಆಮೇಲೆ ತಾನಾಗಿಯೇ ಉದ್ದನೆಯದನ್ನು ಎತ್ತಿಕೊಂಡು ನೋಡಿದ, ಕೆಳಗಿಟ್ಟ. ಸಣ್ಣದನ್ನು ನೋಡಿದ, ಕೆಳಗಿಟ್ಟ. ಗನ್ನಿನ ಮೇಲಿದ್ದುದನ್ನೂ ಬಿಚ್ಚಿ, ಮೂರನ್ನೂ ಮೇಜಿನ ಮೇಲೆ ಸಾಲಾಗಿ, ಅಂಚಿಗೆ ಅಂಚು ಸೇರಿಸಿ ಜೋಡಿಸಿದ.

"ಮೂರರಲ್ಲೂ ಹಬೆ ಒಂದೇ ಜಾಗದಲ್ಲಿದೆ" ಎಂದ.

ಅಂಗಡಿಯವನು ಮೇಜು ಸುತ್ತಿಕೊಂಡು ಬಂದು ಅವನ ಪಕ್ಕದ ಸ್ಟೂಲಿನಲ್ಲಿ ಕೂತ. "ನೋಡಿ, ನಾನು ಗಾಜು ಮಾರೋನು. ಇವತ್ತು ಇದನ್ನ ನಿಮಗೆ ಕಟ್ಟಿಕೊಟ್ರೆ ನನಗೆ ವ್ಯಾಪಾರ. ಆದ್ರೆ ಇದು ಗಾಜಿಂದಾಗೋ ಕೆಲಸ ಅಲ್ಲ. ಕಣ್ಣಿನ ಹಿಂದಿನ ಪರದೆ ಸವೆಯತ್ತೆ ಕೆಲವರಿಗೆ. ನಡುವಿಂದ ಶುರುವಾಗತ್ತೆ. ಪಕ್ಕದ್ದೆಲ್ಲ ಕಾಣೋದ್ರಿಂದ ಬಹಳ ದಿನ ಗೊತ್ತೇ ಆಗಲ್ಲ. ತಡಮಾಡದೆ ಡಾಕ್ಟರಿಗೆ ತೋರ್ಸಿ. ಹೋದದ್ದು ಬರತ್ತೋ ಇಲ್ವೋ ನಾ ಹೇಳಲಾರೆ. ಇರೋದು ಉಳಿಯಬಹುದು."

"ಮುಳ್ಳು ಬಾಗಿತ್ತು" ಎಂದ ಅಣ್ಣ. "ನಾನು ಮುಳ್ಳು ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ" ಎಂದಳು ತಂಗಿ. ಅದು ನಿಜವಾಗಿತ್ತು. ಆದರೆ ನಿಜ ಅಷ್ಟೇ ಆಗಿರಲಿಲ್ಲ ಎಂದು ಅಣ್ಣ ಅವಳ ಕಡೆ ತಿರುಗಿದಾಗ ಅವಳಿಗೆ ಗೊತ್ತಾಯಿತು. ಅವನು ಅವಳ ಮುಖವನ್ನು ನೇರ ನೋಡದೆ ಕಿವಿಯ ಪಕ್ಕಕ್ಕೆ ನೋಡುತ್ತಿದ್ದ. ಮುಖ ಕಾಣಬೇಕಾದರೆ ಹಾಗೇ ನೋಡಬೇಕಾಗಿತ್ತು ಎಂದು ಅವಳಿಗೆ ಈಗ ಹೊಳೆಯಿತು. ವರ್ಷದಿಂದ ಹಾಗೇ ನೋಡುತ್ತಿದ್ದ. ಮುನಿಸು ಎಂದು ಎಷ್ಟು ಸಲ ಎಂದುಕೊಂಡಿದ್ದಳು.

ಹೊರಗೆ ಮಂಜು ತೆಳುವಾಗಿತ್ತು. ಅವನು ನೇರ ಮಿಲ್ಲಿಗೆ ನಡೆದ. ಮೇಸ್ತ್ರಿ ಮೂಟೆಗಳ ಲೆಕ್ಕ ಬರೆಯುತ್ತಿದ್ದವನು ಅವನ ಕೈಯಲ್ಲಿದ್ದ ಬರೀ ಗನ್ನು ನೋಡಿ, "ಎಲ್ಲಿ ಸ್ಕೋಪು? ಅಂಗಡಿಯವನು ನಿಮ್ಮನ್ನೇ ಹೊಡೆದು ಕಳಿಸಿದ್ನಾ?" ಎಂದ.

"ಬಲೆಯವರಿಗೆ ಬರೋಕೆ ಹೇಳಿ ಮೇಸ್ತ್ರಿ. ನನ್ನ ಕಣ್ಣು ಹೋಗಿದೆ."

ಮೇಸ್ತ್ರಿಯ ಪೆನ್ನು ನಿಂತಿತು. "ಕೂತ್ಕೊಳ್ಳಿ" ಎಂದ. ಅಣ್ಣ ಕೂರಲಿಲ್ಲ. "ಮೂಟೆ ಬಾಯಿ ಹೊಲಿಯೋ ಕಡೆ ತಂಗೀನ ಕಳ್ಸಿ. ನಾಳೆಯಿಂದಲೇ" ಎಂದು ಮೇಸ್ತ್ರಿ ಹಿಂದಿನಿಂದ ಕೂಗಿ ಹೇಳಿದ. ಆ ಹೊತ್ತಿಗೆ ಅವರು ಗೇಟು ದಾಟಿದ್ದರು.

ಅಣ್ಣ ಕೇಳಿದ್ದು ಮನೆಯ ಹಿತ್ತಿಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ ಮೇಲೆ.

"ಇವತ್ತು ಬೆಳಿಗ್ಗೆ ಹೊಡೆದದ್ದು ಬಿತ್ತಾ ಮರಿ?"

ಅವಳು ನಿಂತೇ ಇದ್ದಳು. ಇನ್ನೊಂದು ಸಲ "ಬಿತ್ತು" ಎಂದರೆ ನಂಬುತ್ತಾನೆ, ನಂಬಲು ಅವನಿಗೂ ಆಸೆ ಇದೆ ಎಂದು ಅವಳಿಗೆ ಗೊತ್ತಿತ್ತು.

"ಇಲ್ಲ ಅಣ್ಣ."

"ನಿನ್ನೆದು?"

"ಇಲ್ಲ."

"ಚೀಲದಲ್ಲಿ ಮೆತ್ತಗಿತ್ತಲ್ಲ."

"ಹಳೇ ಬಟ್ಟೆ. ಒಳಗೆ ತೌಡು ಕಟ್ತಿದ್ದೆ."

ಅಣ್ಣ ತನ್ನ ಬಲ ಅಂಗೈಯನ್ನು ಮೇಲೆ ಮಾಡಿ ನೋಡಿಕೊಂಡ. "ಚಿಂದಿ ಮುಂದೆ ಕೂತು ತಪ್ಪು ನನ್ನದು ಅಂದೆನಾ ಒಂದು ವರ್ಷ?" ಅವನ ದನಿಯಲ್ಲಿ ಸಿಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ನಿಜವಾಗಿ ಕೇಳುತ್ತಿದ್ದ. "ಒಂದೂ ಬೀಳಲಿಲ್ವಾ?"

ಅವಳು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿದ್ದು ಈ ಪ್ರಶ್ನೆಗೇ. ಅಪ್ಪನ ಕಟ್ಟಪ್ಪಣೆ ಒಂದಿತ್ತು. ಗಾಯವಾದದ್ದನ್ನು ಒದ್ದಾಡಲು ಬಿಡಬಾರದು. ಹೊಡೆದವನೇ ಹುಡುಕಿ, ಹೊಡೆದವನೇ ತನ್ನ ಕೈಯಿಂದ ಮುಗಿಸಬೇಕು. ತೋರಿಸಿದವರ ಕೈಗೆ ಆ ಕೆಲಸ ಬರಕೂಡದು.

"ಕೆಲವಕ್ಕೆ ರೆಕ್ಕೆಗೆ ಬಿತ್ತು, ಕೆಲವಕ್ಕೆ ಹೊಟ್ಟೆಗೆ" ಎಂದಳು. "ಮೂಟೆ ಸಂದಿಲಿ ಸಿಕ್ತಿದ್ವು. ನಿನಗೆ ಹೇಳಿದ್ರೆ ಗುರಿ ತಪ್ಪಿದ್ದು ಗೊತ್ತಾಗತ್ತಲ್ಲ."

"ನೀನೇ..."

"ಹೂಂ. ನಾನೇ ಮುಗಿಸ್ದೆ."

ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಎಷ್ಟು?"

"ಹನ್ನೊಂದು." ಅವಳು ಯೋಚಿಸಬೇಕಾಗಿರಲಿಲ್ಲ. ಒಂದೊಂದೂ ಅವಳಿಗೆ ನೆನಪಿತ್ತು. ಆರನೆಯದರ ಕುತ್ತಿಗೆಯಲ್ಲಿ ಹಸಿರು ಹೊಳಪಿತ್ತು. ಒಂಬತ್ತನೆಯದು ಅವಳ ಬೆರಳನ್ನು ಕಾಲಿನಿಂದ ಹಿಡಿದುಕೊಂಡಿತ್ತು, ಕೊಂಬೆಯನ್ನು ಹಿಡಿಯುವ ಹಾಗೆ.

"ಅಪ್ಪ ಕಲಿಸಿದ ಮಾತು ಹೇಳಿದ್ಯಾ ಅವಕ್ಕೆ?"

"ಬಾಯಿ ಬರಲಿಲ್ಲ ಅಣ್ಣ. ಅದು ನೀನು ಹೇಳೋ ಮಾತಲ್ವಾ."

"ಕೈಗೆ ನೀರು?"

ಅವಳು ತಲೆ ತಗ್ಗಿಸಿದಳು. ಅವರ ಮನೆಯಲ್ಲಿ, ಜೀವ ಮುಗಿಸಿ ಬಂದವರು ತಮ್ಮ ಕೈಗೆ ತಾವೇ ನೀರು ಹಾಕಿಕೊಳ್ಳುತ್ತಿರಲಿಲ್ಲ. ಇನ್ನೊಬ್ಬರು ಹಾಕಬೇಕಿತ್ತು. ಅಪ್ಪನಿಗೆ ಅವ್ವ ಹಾಕುತ್ತಿದ್ದಳು. ಅಣ್ಣನಿಗೆ ಇಷ್ಟು ವರ್ಷ ಇವಳು ಹಾಕಿದ್ದಳು. ಒಬ್ಬನೇ ತೊಳೆದುಕೊಂಡರೆ ಒಬ್ಬನೇ ಹೊತ್ತ ಹಾಗೆ ಎಂದು ಅಪ್ಪ ಹೇಳುತ್ತಿದ್ದ.

"ಮಿಲ್ಲಿನ ಹಿಂದಿನ ನಲ್ಲಿಲಿ ತೊಳ್ಕೊಂಡೆ" ಎಂದಳು. "ಯಾರೂ ಇರಲಿಲ್ಲ."

ಅಣ್ಣ ಎದ್ದ. ಒಳಗೆ ಹೋದ. ಅವನು ಬಾಗಿಲು ಹಾಕಿಕೊಳ್ಳುತ್ತಾನೆ, ಇನ್ನು ತನ್ನನ್ನು ಮರಿ ಎನ್ನುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಒಳಗೆ ಕೊಡದ ಮುಚ್ಚಳ ಸರಿದ ಸದ್ದಾಯಿತು. ಅವನು ಎರಡು ಕೈಯಲ್ಲೂ ತಂಬಿಗೆ ಹಿಡಿದುಕೊಂಡು, ಹೊಸ್ತಿಲಿಗೆ ಕಾಲು ತಾಗದಂತೆ ಜೋಪಾನವಾಗಿ ಹೊರಗೆ ಬಂದ.

"ಕೈ ಚಾಚು."

"ಬೇಡ ಅಣ್ಣ. ಆಗಿ ಹೋಯ್ತು."

"ಚಾಚು ಮರಿ."

ಅವಳು ಚಾಚಿದಳು. ಅವನು ತಂಬಿಗೆ ಬಗ್ಗಿಸಿದ. ನೀರು ಕೈಗೆ ಬೀಳಲಿಲ್ಲ, ಪಕ್ಕಕ್ಕೆ ಕಲ್ಲಿನ ಮೇಲೆ ಬಿತ್ತು. ಅವಳು ಕೈಗಳನ್ನು ನೀರು ಬೀಳುವ ಕಡೆಗೆ ಸರಿಸಿದಳು. "ತಪ್ಪು ನನ್ನದು. ಹೋಗಿ ಬಾ" ಎಂದ ಅಣ್ಣ, ಎದುರಿಗೆ ಇರುವವರಿಗೆ ಹೇಳುವ ಹಾಗೆ. ಸ್ವಲ್ಪ ತಡೆದು, ಮತ್ತೆ ನೀರು ಬಿಟ್ಟ, ಮತ್ತೆ ಹೇಳಿದ. ಐದಕ್ಕೆ ತಂಬಿಗೆ ಖಾಲಿಯಾಯಿತು. ಒಳಗೆ ಹೋಗಿ ತುಂಬಿಕೊಂಡು ಬಂದ. ಅವಳು ಕೈ ಚಾಚಿಕೊಂಡೇ ಕಾದಿದ್ದಳು. ಆರು, ಏಳು, ಎಂಟು ಎಂದು ಅವನು ಎಣಿಸಲಿಲ್ಲ, ಅವಳು ಎಣಿಸಿದಳು. ಹನ್ನೊಂದನೆಯದರ ಮಾತು ಮುಗಿದ ಮೇಲೆ ತಂಬಿಗೆಯಲ್ಲಿ ಇನ್ನೂ ನೀರಿತ್ತು. ಅವನು ಅದನ್ನು ಚೆಲ್ಲದೆ, ಕಲ್ಲಿನ ಮೇಲಿಟ್ಟು, ಹೆಗಲಿನ ಟವೆಲ್ಲು ತೆಗೆದು ಅವಳ ಕೈಗೆ ಕೊಟ್ಟ.